ಹಸುವಿನ ಒಳಗನ್ನು ಕಾಣುವ ಬಗೆ: ಎಕ್ಸ್-ರೇ, ಸ್ಕ್ಯಾನಿಂಗ್ ಮತ್ತು ಮೂರು ಆಯಾಮದ ಚಿತ್ರ



ಸಂಘದ ಸಭೆಗಳಲ್ಲಿ ಸದಸ್ಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ಮನೆಯವರಿಗೆ ಹೊಟ್ಟೆನೋವು ಬಂದರೆ ದಾವಣಗೆರೆಗೋ ಹರಿಹರಕ್ಕೋ ಹೋಗಿ ಸ್ಕ್ಯಾನಿಂಗ್ ಮಾಡಿಸುತ್ತೇವೆ. ನಮ್ಮ ಎಮ್ಮೆಗೆ ಯಾಕೆ ಮಾಡಬಾರದು ಸಾರ್?" ಇದು ಸರಿಯಾದ ಪ್ರಶ್ನೆ. ರಾಸುಗಳಿಗೂ ಸ್ಕ್ಯಾನಿಂಗ್ ಇದೆ. ಅದು ಎಲ್ಲಿ ಉಪಯೋಗಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದನ್ನು ತಿಳಿದಿದ್ದರೆ ಹಣವೂ ಉಳಿಯುತ್ತದೆ, ರಾಸೂ ಉಳಿಯುತ್ತದೆ.

ಕೈಯೇ ಕಣ್ಣು

ವೈದ್ಯರು ಗುದದ್ವಾರದ ಮೂಲಕ ಕೈ ಹಾಕಿ ಗಬ್ಬ ಪರೀಕ್ಷೆ ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ಒಳಗೆ ಏನೂ ಕಾಣುವುದಿಲ್ಲ. ಕರುಳಿನ ಗೋಡೆಯ ಆಚೆಗಿರುವ ಗರ್ಭಕೋಶವನ್ನು ಬೆರಳ ತುದಿಯಿಂದ ಮುಟ್ಟಿ, ಅದರ ಆಕಾರ, ಗಾತ್ರ, ಒಳಗಿನ ನೀರಿನ ತುಳುಕನ್ನು ತಿಳಿಯಬೇಕು. ಹೀಗೆ ಮುಟ್ಟಿ ತಿಳಿಯಲು ವೈದ್ಯರ ತಲೆಯಲ್ಲಿ ಮೊದಲೇ ಒಂದು ಚಿತ್ರ ಇರಬೇಕು. ಕಾಲೇಜಿನ ಮೊದಲ ವರ್ಷದಲ್ಲಿ ಕಲಿಸುವ ಅಂಗರಚನಾ ಶಾಸ್ತ್ರವೆಂದರೆ ಆ ಚಿತ್ರವೇ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಆರಂಭವಾದಾಗಿನಿಂದ ನಮ್ಮ ರಾಜ್ಯದಲ್ಲಿ ಎಷ್ಟೋ ತಲೆಮಾರಿನ ವೈದ್ಯರು ಇದನ್ನು ಔಷಧಿಯಲ್ಲಿ ಕೆಡದಂತೆ ಇಟ್ಟ ಸತ್ತ ರಾಸುಗಳಿಂದ, ಮೂಳೆಗಳಿಂದ ಮತ್ತು ಗೋಡೆಯ ಪಟಗಳಿಂದ ಕಲಿತರು. ಬದುಕಿರುವ ರಾಸುವಿನ ಒಳಗನ್ನೇ ತೋರಿಸುವ ಯಂತ್ರಗಳು ಈಗ ಈ ವಿದ್ಯೆಗೆ ಬೆಂಬಲವಾಗಿ ಬಂದಿವೆ.

ಎಕ್ಸ್-ರೇ: ನೆರಳಿನ ಚಿತ್ರ

ಜರ್ಮನಿಯ ವಿಜ್ಞಾನಿ ರಾಂಟ್ಜೆನ್ 1895ರಲ್ಲಿ ಎಕ್ಸ್-ರೇ ಕಂಡುಹಿಡಿದರು. ಇದು ನೆರಳಿನ ಚಿತ್ರ. ಮೂಳೆ, ಮೊಳೆ, ತಂತಿ ಬಿಳಿಯಾಗಿ ಕಾಣುತ್ತವೆ. ಹಿಂದೆ ಫಿಲಂ ತೊಳೆದು ನೋಡಬೇಕಿತ್ತು. ಈಗಿನ ಡಿಜಿಟಲ್ ಯಂತ್ರದಲ್ಲಿ ಚಿತ್ರವು ನೇರವಾಗಿ ಗಣಕಯಂತ್ರದ ಪರದೆಗೆ ಬರುತ್ತದೆ. ಅದನ್ನು ದೊಡ್ಡದು ಮಾಡಿ ನೋಡಬಹುದು, ದೂರದ ತಜ್ಞರಿಗೆ ಕಳುಹಿಸಬಹುದು.

ನಮ್ಮ ರಾಸುಗಳಲ್ಲಿ ಇದು ಬೇಕಾಗುವ ಮುಖ್ಯ ಸಂದರ್ಭವೆಂದರೆ ತಂತಿ ನುಂಗಿದಾಗ. ಹಸು, ಎಮ್ಮೆಗಳು ಮೇವನ್ನು ಅಗಿದು ನೋಡದೆ ನುಂಗುತ್ತವೆ. ಮೇವಿನ ಜೊತೆ ಹೋದ ತಂತಿ ಜೇನುಗೂಡಿನಂಥ ಎರಡನೇ ಹೊಟ್ಟೆಯಲ್ಲಿ ನಿಲ್ಲುತ್ತದೆ. ಆ ಹೊಟ್ಟೆಗೂ ಹೃದಯಕ್ಕೂ ನಡುವೆ ಇರುವುದು ವಪೆ ಎಂಬ ತೆಳುವಾದ ಪರದೆ ಮತ್ತು ಕೆಲವೇ ಅಂಗುಲಗಳ ಅಂತರ. ಹೊಟ್ಟೆ ಹಿಂಡಿದಂತೆಲ್ಲ ತಂತಿ ಮುಂದಕ್ಕೆ ಚುಚ್ಚುತ್ತ ಹೋಗಿ ಹೃದಯದ ಚೀಲವನ್ನು ಮುಟ್ಟಿದರೆ ರಾಸು ಬದುಕುವುದು ಕಷ್ಟ. ಎಮ್ಮೆಗಳಲ್ಲಿ ವಪೆ ಹರಿದು ಹೊಟ್ಟೆಯ ಭಾಗ ಎದೆಗೂಡಿಗೆ ನುಗ್ಗುವ ಕಾಯಿಲೆಯೂ ಉಂಟು. ಇಂಥವನ್ನು ಎಕ್ಸ್-ರೇ ಮತ್ತು ಸ್ಕ್ಯಾನಿಂಗ್ ಎರಡರಿಂದಲೂ ಪತ್ತೆ ಮಾಡಬಹುದು.

ಸ್ಕ್ಯಾನಿಂಗ್: ಮಾರ್ದನಿಯ ಚಿತ್ರ

ಬಾವಿಯೊಳಗೆ ಕೂಗಿದರೆ ಮಾರ್ದನಿ ಬರುತ್ತದೆ. ಬಾವಿ ಆಳವಿದ್ದಷ್ಟೂ ಮಾರ್ದನಿ ತಡವಾಗುತ್ತದೆ. ಅಲ್ಟ್ರಾಸೌಂಡ್ ಯಂತ್ರ ಮಾಡುವುದೂ ಇದನ್ನೇ. ಮನುಷ್ಯನ ಕಿವಿಗೆ ಕೇಳುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಮಾತ್ರ. ಹಸುವಿನ ಗಬ್ಬ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬಳಸುವ ಯಂತ್ರದ ಶಬ್ದ ಸೆಕೆಂಡಿಗೆ 50 ಲಕ್ಷದಿಂದ 75 ಲಕ್ಷ ಕಂಪನಗಳಷ್ಟು ಸೂಕ್ಷ್ಮ. ಆ ಶಬ್ದ ಒಳಗಿನ ಅಂಗಗಳಿಗೆ ತಾಗಿ ಹಿಂದಿರುಗುವ ಸಮಯವನ್ನು ಲೆಕ್ಕ ಹಾಕಿ ಯಂತ್ರವು ಪರದೆಯ ಮೇಲೆ ಚಿತ್ರ ಬಿಡಿಸುತ್ತದೆ. ನೀರು ಕಪ್ಪಾಗಿ, ಮೂಳೆ ಬಿಳಿಯಾಗಿ ಕಾಣುತ್ತದೆ. ಇದರಲ್ಲಿ ಎಕ್ಸ್-ರೇ ಕಿರಣಗಳಿಲ್ಲ. ಸರಿಯಾಗಿ ಮಾಡಿದರೆ ತಾಯಿಗಾಗಲಿ ಕರುವಿಗಾಗಲಿ ತೊಂದರೆಯಿಲ್ಲ.

ಆದರೆ ಈ ಶಬ್ದ ಗಾಳಿಯನ್ನು ದಾಟುವುದಿಲ್ಲ. ಹಸುವಿನ ಎಡಭಾಗವನ್ನೆಲ್ಲ ತುಂಬಿರುವ ದೊಡ್ಡ ಹೊಟ್ಟೆ ನೂರು ಲೀಟರಿಗೂ ಮಿಕ್ಕಿ ಹಿಡಿಯುತ್ತದೆ, ಅದರ ಮೇಲ್ಭಾಗದಲ್ಲಿ ಸದಾ ಗಾಳಿ ಇರುತ್ತದೆ. ಆದ್ದರಿಂದ ಮನುಷ್ಯರಿಗೆ ಮಾಡಿದಂತೆ ಹೊಟ್ಟೆಯ ಮೇಲೆ ಯಂತ್ರ ಇಟ್ಟು ಎಲ್ಲವನ್ನೂ ನೋಡಲು ಆಗುವುದಿಲ್ಲ. ಗಬ್ಬ ನೋಡಲು ಯಂತ್ರದ ತುದಿಯನ್ನು ಗುದದ್ವಾರದ ಮೂಲಕವೇ ಒಯ್ಯಬೇಕು.

ಮೂರು ಆಯಾಮದ ಚಿತ್ರ

ಒಂದು ಸೌತೆಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಪ್ರತಿ ಬಿಲ್ಲೆಯ ಚಿತ್ರ ತೆಗೆದು, ಚಿತ್ರಗಳನ್ನು ಕ್ರಮವಾಗಿ ಜೋಡಿಸಿದರೆ ಇಡೀ ಕಾಯಿ ಮತ್ತೆ ನಿಲ್ಲುತ್ತದೆ. ಒಳಗೆ ಹುಳುಕು ಎಲ್ಲಿಂದ ಎಲ್ಲಿಯವರೆಗೆ ಇದೆ ಎಂಬುದೂ ತಿಳಿಯುತ್ತದೆ. ಸಿ.ಟಿ. ಸ್ಕ್ಯಾನ್ ಯಂತ್ರವು ದೇಹವನ್ನು ಕೊಯ್ಯದೆ, ಎಕ್ಸ್-ರೇ ಕಿರಣಗಳಿಂದ ಇಂಥ ಬಿಲ್ಲೆಗಳ ಚಿತ್ರ ತೆಗೆಯುತ್ತದೆ. ಇದಕ್ಕಾಗಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ 1979ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಗಣಕಯಂತ್ರವು ಈ ಬಿಲ್ಲೆಗಳನ್ನು ಜೋಡಿಸಿ, ಎಲ್ಲ ಕಡೆಯಿಂದ ತಿರುಗಿಸಿ ನೋಡಬಹುದಾದ ಮೂರು ಆಯಾಮದ ಆಕೃತಿಯನ್ನು ಕಟ್ಟುತ್ತದೆ.

ನಾಯಿ, ಬೆಕ್ಕು, ಕರುಗಳಿಗೆ ಮತ್ತು ದೊಡ್ಡ ರಾಸುಗಳ ತಲೆ, ಕಾಲುಗಳಿಗೆ ಇದು ಉಪಯುಕ್ತ. ಬೆಳೆದ ಹಸುವಿನ ಹೊಟ್ಟೆ ಸಾಮಾನ್ಯ ಸಿ.ಟಿ. ಯಂತ್ರದ ಬಾಯಿಯಲ್ಲಿ ಹಿಡಿಸುವುದಿಲ್ಲ. ಮತ್ತು ಬರಿಸಿ ಮಲಗಿಸಿದರೆ ಹೊಟ್ಟೆ ಉಬ್ಬರಿಸುವ, ಮೇವು ಬಾಯಿಗೆ ಮರಳಿ ಶ್ವಾಸನಾಳ ಸೇರುವ ಅಪಾಯವೂ ಇದೆ. ಆದ್ದರಿಂದ ನಿಮ್ಮ ಕರಾವಿನ ರಾಸುವಿಗೆ ಸಿ.ಟಿ. ಬೇಕಾಗುವುದು ಬಹಳ ಅಪರೂಪ.

ಹಾಗಾದರೆ ಮೂರು ಆಯಾಮದ ಚಿತ್ರದಿಂದ ರೈತರಿಗೇನು ಲಾಭ? ಲಾಭ ವೈದ್ಯರ ಮೂಲಕ ಬರುತ್ತದೆ. ಗಬ್ಬ ಪರೀಕ್ಷೆ ಕಲಿಸುವುದರಲ್ಲಿ ಒಂದು ಹಳೆಯ ಕಷ್ಟವಿದೆ. ವಿದ್ಯಾರ್ಥಿಯ ಕೈ ಒಳಗಿರುವಾಗ ಅವನು ಏನನ್ನು ಮುಟ್ಟುತ್ತಿದ್ದಾನೆ ಎಂಬುದು ಗುರುಗಳಿಗೆ ಕಾಣುವುದಿಲ್ಲ. ಒಂದೇ ಹಸುವನ್ನು ಹತ್ತಾರು ಜನ ಪರೀಕ್ಷಿಸಿದರೆ ಅದಕ್ಕೆ ಹಿಂಸೆ. ಬ್ರಿಟನ್ನಿನ ಪಶುವೈದ್ಯೆ ಸಾರಾ ಬೇಲಿ ಅವರು 2000ರ ದಶಕದಲ್ಲಿ ಇದಕ್ಕೊಂದು ಉಪಾಯ ಮಾಡಿದರು. ಹಸುವಿನ ಬೊಂಬೆಯೊಳಗೆ ಗಣಕಯಂತ್ರಕ್ಕೆ ಜೋಡಿಸಿದ ಸಾಧನವಿಟ್ಟರು. ವಿದ್ಯಾರ್ಥಿ ಕೈ ಹಾಕಿದರೆ ಗರ್ಭಕೋಶವನ್ನು ಮುಟ್ಟಿದಂತೆಯೇ ಬೆರಳಿಗೆ ತಿಳಿಯುತ್ತದೆ, ಮೂರು ಆಯಾಮದ ಚಿತ್ರ ಪರದೆಯ ಮೇಲೆ ಗುರುಗಳಿಗೆ ಕಾಣುತ್ತದೆ. ತಪ್ಪಿದರೆ ಅಲ್ಲೇ ತಿದ್ದಬಹುದು. ಹೀಗೆ ಪಳಗಿದ ಕೈ ನಿಮ್ಮ ಕೊಟ್ಟಿಗೆಗೆ ಬಂದರೆ ರಾಸುವಿಗೆ ನೋವು ಕಡಿಮೆ, ಉತ್ತರ ಖಚಿತ.

ಖಾಲಿ ರಾಸುವಿನ ಲೆಕ್ಕ

ಸ್ಕ್ಯಾನಿಂಗ್‌ನಿಂದ ಸದಸ್ಯರಿಗೆ ದೊರೆಯುವ ದೊಡ್ಡ ಲಾಭ ಸಮಯ. ಕೃತಕ ಗರ್ಭಧಾರಣೆಯ ನಂತರ ಸುಮಾರು 30 ದಿನಕ್ಕೆ ಸ್ಕ್ಯಾನಿಂಗ್‌ನಲ್ಲಿ ಗಬ್ಬ ತಿಳಿಯುತ್ತದೆ. ಕೈ ಪರೀಕ್ಷೆಗೆ ಸಾಮಾನ್ಯವಾಗಿ 60 ದಿನ ಕಾಯುತ್ತೇವೆ. ಪರೀಕ್ಷೆಯೇ ಮಾಡಿಸದವರು 21 ದಿನಕ್ಕೆ ಬೆದೆ ಕಾಣಲಿಲ್ಲವೆಂದು ಗಬ್ಬವೆಂದೇ ನಂಬುತ್ತಾರೆ. ಎಮ್ಮೆಗಳಲ್ಲಿ ಮೂಕ ಬೆದೆ ಹೆಚ್ಚು. ಹೊಟ್ಟೆ ಬರಲಿಲ್ಲವೆಂದು ಐದನೇ ತಿಂಗಳಲ್ಲಿ ಅನುಮಾನ ಬಂದಾಗ ರಾಸು ಖಾಲಿ ಎಂದು ತಿಳಿಯುತ್ತದೆ. ಮೇವು, ಹಿಂಡಿಗೆ ದಿನಕ್ಕೆ 150 ರೂಪಾಯಿ ಎಂದು ಹಿಡಿದರೂ, 30ನೇ ದಿನ ತಿಳಿಯಬೇಕಾದ್ದು 150ನೇ ದಿನ ತಿಳಿದರೆ 120 ದಿನಕ್ಕೆ 18,000 ರೂಪಾಯಿ ಆಯಿತು. ಅಷ್ಟು ದಿನ ಮುಂದಕ್ಕೆ ಹೋದ ಕರು ಮತ್ತು ಹಾಲಿನ ನಷ್ಟ ಬೇರೆ.

ಇನ್ನೊಂದು ಎಚ್ಚರಿಕೆ. ಬೆದೆ ಬರಿಸಲು ಕೊಡುವ ಕೆಲವು ಇಂಜೆಕ್ಷನ್‌ಗಳನ್ನು ಗಬ್ಬದ ರಾಸುವಿಗೆ ಕೊಟ್ಟರೆ ಕಂದು ಹಾಕುತ್ತದೆ. ಪರೀಕ್ಷೆ ಆಗದೆ ಇಂಥ ಇಂಜೆಕ್ಷನ್ ಹಾಕಿಸಬೇಡಿ.

ಸದಸ್ಯರು ಗಮನಿಸಬೇಕಾದ ಅಂಶಗಳು

1. ಗರ್ಭಧಾರಣೆ ಮಾಡಿಸಿದ ತಾರೀಖನ್ನು ಅಂದೇ ಬರೆದಿಡಿ. ತಾರೀಖು ಇಲ್ಲದಿದ್ದರೆ ಯಂತ್ರದ ಚಿತ್ರವನ್ನೂ ಸರಿಯಾಗಿ ಅರ್ಥೈಸುವುದು ಕಷ್ಟ.

2. ಸ್ಕ್ಯಾನಿಂಗ್ ಸೌಲಭ್ಯ ಸಿಕ್ಕರೆ 30 ದಿನ ತುಂಬಿದ ಮೇಲೆ ಮಾಡಿಸಿ. ಇಲ್ಲವಾದರೆ ಚಿಂತೆ ಬೇಡ, 60ರಿಂದ 90 ದಿನದೊಳಗೆ ವೈದ್ಯರಿಂದ ಕೈ ಪರೀಕ್ಷೆ ಸಾಕು.

3. 30 ದಿನಕ್ಕೆ ಗಬ್ಬ ಎಂದು ತಿಳಿದ ರಾಸುವನ್ನೂ 60 ದಿನದ ಮೇಲೆ ಮತ್ತೊಮ್ಮೆ ತೋರಿಸಿ. ಮೊದಲ ದಿನಗಳಲ್ಲಿ ಕೆಲವು ಗಬ್ಬ ನಿಲ್ಲುವುದಿಲ್ಲ.

4. ಪರೀಕ್ಷೆಗೆ ರಾಸುವನ್ನು ಟ್ರೇವಿಸ್‌ನಲ್ಲಿ ನಿಲ್ಲಿಸಿ. ತರಬೇತಿ ಇಲ್ಲದವರಿಂದ ಕೈ ಹಾಕಿಸಬೇಡಿ.

5. ಮೇವು ಬಿಟ್ಟು, ಬೆನ್ನು ಬಾಗಿಸಿ, ಮೊಣಕೈ ಹೊರಚಾಚಿ ನಿಲ್ಲುವ, ಇಳಿಜಾರಿನಲ್ಲಿ ಇಳಿಯಲು ಹೆದರುವ ರಾಸುವಿಗೆ ತಂತಿ ಚುಚ್ಚಿರಬಹುದು. ಗಂಟಲ ಕೆಳಗೆ ನೀರು ತುಂಬಿ ಊದುವವರೆಗೆ ಕಾಯದೆ ವೈದ್ಯರಿಗೆ ತೋರಿಸಿ. ಅವರು ಹೇಳಿದರೆ ಎಕ್ಸ್-ರೇ, ಸ್ಕ್ಯಾನಿಂಗ್ ಇರುವ ಪಶುವೈದ್ಯಕೀಯ ಆಸ್ಪತ್ರೆಗೆ ಒಯ್ಯಿರಿ.

6. ಭತ್ತದ ಹುಲ್ಲು, ಮೆಕ್ಕೆಜೋಳದ ದಂಟು ಹಾಕುವ ಮೊದಲು ತಂತಿ, ಮೊಳೆ ಇದೆಯೇ ನೋಡಿ. ಒಂದು ಅಯಸ್ಕಾಂತ ಆಡಿಸಿದರೆ ಇನ್ನೂ ಒಳ್ಳೆಯದು.

ಯಂತ್ರವು ಒಳಗಿರುವುದನ್ನು ತೋರಿಸುತ್ತದೆ. ತೋರಿಸಿದ್ದನ್ನು ಓದಬೇಕಾದವರು ವೈದ್ಯರು, ಸಕಾಲದಲ್ಲಿ ಅವರನ್ನು ಕರೆಸಬೇಕಾದವರು ತಾವು. ಗರ್ಭಧಾರಣೆಯಾಗಿ ಎರಡು ತಿಂಗಳು ಕಳೆದರೂ ಪರೀಕ್ಷೆಯಾಗದ ರಾಸು ನಿಮ್ಮ ಕೊಟ್ಟಿಗೆಯಲ್ಲಿದ್ದರೆ, ಈ ವಾರವೇ ಸಂಘದ ಕಾರ್ಯದರ್ಶಿಯವರಲ್ಲಿ ಹೆಸರು ಬರೆಸಿರಿ.

— ಪಶುವೈದ್ಯ ವಿಸ್ತರಣಾಧಿಕಾರಿ, ದಾವಣಗೆರೆ