ನೈಸಿನ್: ಚೀಸ್ ಡಬ್ಬಿಯಿಂದ ಕ್ಯಾನ್ಸರ್ ಲ್ಯಾಬಿಗೆ

ಪೆನಿಸಿಲಿನ್ ಕಣ್ಣಿಗೆ ಬಿದ್ದ 1928ರಲ್ಲೇ ಅಮೆರಿಕದ ಹೈನು ವಿಜ್ಞಾನಿಗಳು ಇನ್ನೊಂದು ವಿಚಿತ್ರ ವರದಿ ಮಾಡಿದ್ದರು: ಹಾಲನ್ನು ಹುಳಿ ಮಾಡುವ ಒಂದು ಬ್ಯಾಕ್ಟೀರಿಯಾ ಪಕ್ಕದ ಬ್ಯಾಕ್ಟೀರಿಯಾವನ್ನು ಬೆಳೆಯಗೊಡುವುದಿಲ್ಲ. ಪೆನಿಸಿಲಿನ್ ಆಸ್ಪತ್ರೆಗೆ ಹೋಯಿತು, ಆ ಬ್ಯಾಕ್ಟೀರಿಯಾ ಸ್ರವಿಸುವ ವಸ್ತು ಚೀಸ್ ಡಬ್ಬಿಗೆ ಹೋಯಿತು. ಅದಕ್ಕೆ ನೈಸಿನ್ ಎಂಬ ಹೆಸರು ಬಿದ್ದದ್ದೇ 1947ರಲ್ಲಿ. ಪ್ಯಾಕೆಟ್ಟಿನ ಹಿಂದೆ ಸಣ್ಣಕ್ಷರದಲ್ಲಿ ‘ಸಂರಕ್ಷಕ 234’ ಎಂದಿದ್ದರೆ ಅದು ಇದೇ.

ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಎಂಬ ಆ ಬ್ಯಾಕ್ಟೀರಿಯಾ ತಯಾರಿಸುವ ಈ ಪೆಪ್ಟೈಡ್‌ನಲ್ಲಿ, ಅಂದರೆ ಪುಟ್ಟ ಪ್ರೋಟೀನ್ ಸರಪಳಿಯಲ್ಲಿ, ಇರುವುದು 34 ಅಮೈನೊ ಆಮ್ಲ ಮಾತ್ರ. ಮೈಮೇಲೆ ಧನ ವಿದ್ಯುದಂಶ. ಬ್ಯಾಕ್ಟೀರಿಯಾದ ಪೊರೆಗೆ ಅಂಟಿಕೊಂಡು ತೂತು ಕೊರೆಯುವುದು ಅದರ ಕಸುಬು. ಕ್ಯಾನ್ಸರ್ ತಜ್ಞರಿಗೆ ಆಸೆ ಹುಟ್ಟಿದ್ದು ಇಲ್ಲೇ. ಆರೋಗ್ಯವಂತ ಕೋಶವು ಫಾಸ್ಫಟಿಡೈಲ್‌ಸೆರೀನ್ ಎಂಬ ಋಣ ವಿದ್ಯುದಂಶದ ಕೊಬ್ಬನ್ನು ಪೊರೆಯ ಒಳಮೈಯಲ್ಲಿ ಬಚ್ಚಿಟ್ಟುಕೊಂಡಿರುತ್ತದೆ. ಅನೇಕ ಕ್ಯಾನ್ಸರ್ ಕೋಶಗಳಲ್ಲಿ ಅದು ಹೊರಮೈಗೆ ಬಂದುಬಿಟ್ಟಿರುತ್ತದೆ. ಧನಕ್ಕೆ ಋಣದ ಸೆಳೆತ ಇದ್ದದ್ದೇ.

ಮಿಷಿಗನ್ ವಿಶ್ವವಿದ್ಯಾಲಯದ ಇವಾನ್ ಕಪಿಲಾ ತಂಡ 2012ರಲ್ಲಿ ತಲೆ-ಕುತ್ತಿಗೆ ಕ್ಯಾನ್ಸರ್ ಕೋಶಗಳ ಮೇಲೆ ನೈಸಿನ್ ಪ್ರಯೋಗಿಸಿತು. ಕ್ಯಾಲ್ಸಿಯಂ ಒಳಗೆ ನುಗ್ಗಿತು, ಕೋಶ ವಿಭಜನೆ ನಿಂತಿತು, ಕೋಶಗಳು ತಮ್ಮನ್ನು ತಾವೇ ಕೊಂದುಕೊಂಡವು. 2015ರಲ್ಲಿ ಅದೇ ತಂಡ ಇಲಿಗಳಿಗೆ ನೈಸಿನ್ ಕುಡಿಸಿ, ಬಾಯಿಯ ಗಡ್ಡೆಗಳು ಕುಗ್ಗಿದ್ದನ್ನು ತೋರಿಸಿತು. ಡೋಸ್ ಕೇಳಿ: ದೇಹತೂಕದ ಕಿಲೋಗೆ ದಿನಕ್ಕೆ 800 ಮಿಲಿಗ್ರಾಂ. ಇಲಿಯ ಲೆಕ್ಕ ಮನುಷ್ಯನಿಗೆ ನೇರ ಹೊಂದುವುದಿಲ್ಲ, ನಿಜ. ಆದರೂ ಗುಣಿಸಿ ನೋಡಿದರೆ 60 ಕಿಲೋ ಆಳಿಗೆ ದಿನಕ್ಕೆ 48 ಗ್ರಾಂ! ಮೊಸರು, ಚೀಸ್ ತಿಂದು ಅಲ್ಲಿಗೆ ಮುಟ್ಟುವ ಮಾತೇ ಇಲ್ಲ. ‘ಮೊಸರು ತಿನ್ನಿ, ಕ್ಯಾನ್ಸರ್ ಓಡಿಸಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಬಂದರೆ ಈ ಲೆಕ್ಕ ಕಳಿಸಿಬಿಡಿ.

ನನಗೆ ಕುತೂಹಲ ಹುಟ್ಟಿಸುವುದು ಬೇರೆಯೇ ತೊಡಕು. ನೈಸಿನ್ ಆಹಾರದಲ್ಲಿ ಸುರಕ್ಷಿತ ಎನಿಸಿಕೊಂಡದ್ದಕ್ಕೆ ಒಂದು ಕಾರಣ, ಕರುಳಿನ ಕಿಣ್ವಗಳು ಅದನ್ನು ಸುಲಭವಾಗಿ ಕತ್ತರಿಸಿ ಜೀರ್ಣಿಸಿಬಿಡುತ್ತವೆ. ಅಡುಗೆಮನೆಯಲ್ಲಿ ಅದು ಗುಣ, ಔಷಧಕ್ಕೆ ಅದೇ ಮುಳ್ಳು. ನುಂಗಿದ್ದು ದೂರದ ಗಡ್ಡೆಯವರೆಗೆ ಇಡಿಯಾಗಿ ತಲುಪುವುದೇ ಕಷ್ಟ. ಹಾಗಾಗಿ ನ್ಯಾನೊಕಣಗಳಲ್ಲಿ ಸುತ್ತಿ ಕಳಿಸುವ, ಹಳೆಯ ಕೀಮೋ ಔಷಧದ ಜೊತೆ ಕೊಡುವ ಪ್ರಯತ್ನಗಳು ನಡೆದಿವೆ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದವರು ಇಲಿಗಳ ಚರ್ಮದ ಗಡ್ಡೆಗಳಿಗೆ ನೈಸಿನ್ ಜೊತೆ ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧ ಕೊಟ್ಟು ನೋಡಿದ್ದಾರೆ.

ಬಾಯಿಯ ಕ್ಯಾನ್ಸರಿಗೆ ಮಾತ್ರ ಒಂದು ಅನುಕೂಲವಿದೆ: ಹುಣ್ಣು ಕೈಗೆಟುಕುವಲ್ಲೇ ಇರುತ್ತದೆ, ಕರುಳಿನ ದಾರಿ ಹಿಡಿಯದೆ ನೇರವಾಗಿ ಲೇಪಿಸುವ ಜೆಲ್ ಕೂಡ ಯೋಚಿಸಬಹುದು. ಗುಟ್ಕಾ, ತಂಬಾಕಿನಿಂದಾಗಿ ಈ ರೋಗ ನಮ್ಮ ಗಂಡಸರಲ್ಲಿ ಇಷ್ಟು ಹಬ್ಬಿರುವಾಗ, ಇಂಥ ಪ್ರಯೋಗಕ್ಕೆ ಭಾರತವೇ ಮುಂದಾಗಬೇಕಿತ್ತು ಅನ್ನಿಸುತ್ತದೆ.

ನೈಸಿನ್ ಔಷಧವಾಗುವವರೆಗೆ ಒಂದು ಎಚ್ಚರ. ಈ ಪೆಪ್ಟೈಡ್ ಬೇರೆ, ಜೀವಂತ ಬ್ಯಾಕ್ಟೀರಿಯಾ ತುಂಬಿದ ಪ್ರೊಬಯಾಟಿಕ್ ಕ್ಯಾಪ್ಸೂಲ್ ಬೇರೆ. ಕೀಮೋದಿಂದ ಬಿಳಿ ರಕ್ತಕಣ ಕುಸಿದವರಲ್ಲಿ ಆ ‘ಒಳ್ಳೆಯ’ ಬ್ಯಾಕ್ಟೀರಿಯಾ ಅಪರೂಪಕ್ಕೆ ರಕ್ತಕ್ಕೇ ಸೋಂಕು ತಂದದ್ದುಂಟು. ಇಂಥ ಕ್ಯಾಪ್ಸೂಲನ್ನು ಮೆಡಿಕಲ್ ಶಾಪಿನಲ್ಲಿ ಕೊಳ್ಳುವ ಮೊದಲು ಚಿಕಿತ್ಸೆ ಕೊಡುತ್ತಿರುವ ಡಾಕ್ಟರನ್ನು ಕೇಳಿ.