ಲೋಹದ ಬೆಲೆ ಬೇರೆ, ಕೈಕೆಲಸದ ಬೆಲೆ ಬೇರೆ: ಸಣ್ಣ ಒಡವೆ ತಯಾರಕರಿಗೆ ಕೆಲವು ವ್ಯವಹಾರ ಪಾಠಗಳು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳಲ್ಲಿ ಪತ್ತಾರರ ಅಂಗಡಿಯಿಲ್ಲದ ಪೇಟೆ ವಿರಳ. ಮದುವೆಗೆ ಬೋರಮಾಳ, ಗುಂಡಿನ ಸರ, ಬುಗುಡಿ, ಕಾಲುಂಗುರ. ಲಿಂಗಾಯತ ಮನೆತನಗಳಿಗೆ ಇಷ್ಟಲಿಂಗವನ್ನಿರಿಸುವ ಬೆಳ್ಳಿಯ ಕರಡಿಗೆ. ಲಂಬಾಣಿ ತಾಂಡಾಗಳ ಮಹಿಳೆಯರಿಗೆ ಗುಗ್ರಿ, ಟೋಪ್ಲಿ ಮುಂತಾದ ಆಭರಣಗಳು. ಹೀಗೆ ಬೇಡಿಕೆಯ ವೈವಿಧ್ಯ ಈ ಭಾಗದಲ್ಲಿ ಕಡಿಮೆಯೇನಲ್ಲ. ಆದರೂ ವರ್ಷವಿಡೀ ಕುಲುಮೆಯ ಮುಂದೆ ಕುಳಿತ ಕುಶಲಕರ್ಮಿಯ ಕೈಯಲ್ಲಿ ವರ್ಷಾಂತ್ಯಕ್ಕೆ ಉಳಿಯುವುದು ಅತ್ಯಲ್ಪ. ಇದಕ್ಕೆ ಯಂತ್ರದ ಒಡವೆಗಳ ಪೈಪೋಟಿಯೊಂದೇ ಕಾರಣವೆಂದು ಹೇಳುವುದು ವಾಡಿಕೆ. ಲೆಕ್ಕವನ್ನು ಬಿಡಿಸಿ ನೋಡಿದರೆ ಬೆಲೆ ಕಟ್ಟುವ ಕ್ರಮದಲ್ಲಿಯೇ ದೋಷವಿರುವುದು ಕಂಡುಬರುತ್ತದೆ.

ಬೆಲೆ ಕಟ್ಟುವ ಕ್ರಮ

ಕೈಕೆಲಸದ ಒಡವೆಯ ಬೆಲೆಯಲ್ಲಿ ಐದು ಅಂಶಗಳಿವೆ: ಲೋಹ, ಸವಕಳಿ, ಮಜೂರಿ, ಇತರ ವೆಚ್ಚ ಹಾಗೂ ಲಾಭ. ಇವೆಲ್ಲವನ್ನೂ ಒಂದೇ ಮೊತ್ತದಲ್ಲಿ ಸೇರಿಸಿ ಹೇಳುವುದರಿಂದ ಗ್ರಾಹಕರು ಚೌಕಾಸಿ ಮಾಡಿದಾಗ ಕತ್ತರಿ ಬೀಳುವುದು ಮಜೂರಿಗೇ. ಲೋಹದ ದರ ಎಲ್ಲರಿಗೂ ತಿಳಿದಿರುತ್ತದೆ. ಕೈಯ ದರವನ್ನು ಯಾರೂ ಹೇಳಿರುವುದಿಲ್ಲ.

ಒಂದು ಉದಾಹರಣೆಯನ್ನು ಗಮನಿಸಬಹುದು. ಲೆಕ್ಕದ ಸೌಕರ್ಯಕ್ಕಾಗಿ ಬೆಳ್ಳಿಯ ದರ ಗ್ರಾಮಿಗೆ 200 ರೂ. ಎಂದಿಟ್ಟುಕೊಂಡರೆ, 50 ಗ್ರಾಂ ತೂಕದ ಕರಡಿಗೆಗೆ ಲೋಹದ ಬೆಲೆ 10,000 ರೂ.; ಶೇ. 3ರಂತೆ ಸವಕಳಿ 300 ರೂ.; ದಿನಕ್ಕೆ 800 ರೂ.ನಂತೆ ಎರಡು ದಿನದ ಮಜೂರಿ 1,600 ರೂ.; ಗ್ಯಾಸು, ಬಿಳಿಗಾರ, ವಿದ್ಯುತ್ತು, ಬಾಡಿಗೆ ಇತ್ಯಾದಿ 300 ರೂ. ಒಟ್ಟು ವೆಚ್ಚ 12,200 ರೂ. ಇದರ ಮೇಲೆ ಶೇ. 10 ಲಾಭ 1,220 ರೂ. ಸೇರಿ ತೆರಿಗೆಗೆ ಮೊದಲಿನ ಬೆಲೆ 13,420 ರೂ. ಆಗುತ್ತದೆ.

ಈ ಬೆಲೆಗೆ ಮುಂಗಡವಿಲ್ಲದೆ ಒಪ್ಪಿಕೊಂಡು, ಬೆಳ್ಳಿಯನ್ನು ಹದಿನೈದು ದಿನಗಳ ಅನಂತರ ಕೊಂಡನೆಂದು ಭಾವಿಸಬೇಕು. ಅಷ್ಟರಲ್ಲಿ ದರ ಗ್ರಾಮಿಗೆ 220 ರೂ. ಆದರೆ ಲೋಹ ಮತ್ತು ಸವಕಳಿಯ ವೆಚ್ಚ 1,030 ರೂ. ಹೆಚ್ಚುತ್ತದೆ. ಉಳಿಯುವ ಲಾಭ 190 ರೂ. ಮಾತ್ರ. ಲೋಹದ ದರದಲ್ಲಿ ಶೇ. 10ರ ಏರಿಕೆಯು ಲಾಭದ ಐದನೆಯ ನಾಲ್ಕು ಭಾಗಕ್ಕಿಂತ ಹೆಚ್ಚನ್ನು ನುಂಗಿಬಿಡುತ್ತದೆ. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಚಿನ್ನದ ಬೆಲೆ ಒಂದು ಲಕ್ಷ ರೂಪಾಯಿಯನ್ನು ಮುಟ್ಟಿದ ಮೇಲೆ ಈ ಅಪಾಯ ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆದ್ದರಿಂದ ಕೆಲಸ ಒಪ್ಪಿಕೊಂಡ ದಿನವೇ ಲೋಹದ ಪೂರ್ಣ ಮೌಲ್ಯವನ್ನು ಮುಂಗಡವಾಗಿ ಪಡೆದು, ಅದೇ ದಿನ ಲೋಹವನ್ನು ಕೊಳ್ಳುವುದು ಕ್ಷೇಮ. ಗ್ರಾಹಕರು ಹಳೆಯ ಬೆಳ್ಳಿ-ಬಂಗಾರ ತಂದರೆ ಅದರ ತೂಕ, ಶುದ್ಧತೆ ಹಾಗೂ ಕರಗಿಸಿದ ಮೇಲಿನ ತೂಕವನ್ನು ಅವರೆದುರಿಗೇ ಬರೆದು ಸಹಿ ಪಡೆಯಬೇಕು. ಅರದಿಂದ ಉದುರಿದ ಪುಡಿಯನ್ನು ವಾರಕ್ಕೊಮ್ಮೆ ತೂಗಿ ಪುಸ್ತಕಕ್ಕೆ ಏರಿಸಿದರೆ ನಿಜವಾದ ಸವಕಳಿ ಎಷ್ಟೆಂಬುದು ತಿಳಿಯುತ್ತದೆ.

ಹಂಗಾಮು ಮತ್ತು ಉದ್ದರಿ

ಈ ಭಾಗದ ಒಡವೆ ವ್ಯಾಪಾರವು ಬೆಳೆಯ ಹಂಗಾಮನ್ನು ಅವಲಂಬಿಸಿದೆ. ತೊಗರಿಯ ರಾಶಿ ಮುಗಿದು ರೈತರ ಕೈಗೆ ಹಣ ಬಂದ ಮೇಲೆ ಮದುವೆಗಳು, ಮದುವೆಗಳೊಂದಿಗೆ ಒಡವೆಯ ಬೇಡಿಕೆ. ಇಂಡಿ ಭಾಗದ ಲಿಂಬೆ ಬೆಳೆಗಾರರಿಗೆ ಆದಾಯ ಬರುವ ಕಾಲ ಬೇರೆ. ಮುದ್ದೇಬಿಹಾಳದ ತೊಗರಿ, ಸಿಂದಗಿಯ ಹತ್ತಿ ಬೆಳೆಯುವವರಿಗೆ ಬರುವ ಕಾಲ ಬೇರೆ. ಒಂದೇ ತಾಲ್ಲೂಕಿನ ಗ್ರಾಹಕರನ್ನು ನೆಚ್ಚಿದವನಿಗಿಂತ ಎರಡು-ಮೂರು ಕಡೆಯ ಸಂತೆ, ಜಾತ್ರೆಗಳಿಗೆ ಹೋಗಿ ಕೆಲಸ ಹಿಡಿದವನಿಗೆ ವರ್ಷವಿಡೀ ಕೆಲಸ ದೊರೆಯುವ ಸಂಭವ ಹೆಚ್ಚು.

ಬೆಳೆ ಬಂದ ಮೇಲೆ ಕೊಡುವ ಮಾತಿನ ಉದ್ದರಿ ಇಲ್ಲಿ ಹಳೆಯ ಪದ್ಧತಿ. ಅದನ್ನು ಪೂರ್ಣವಾಗಿ ನಿಲ್ಲಿಸಿದರೆ ಗ್ರಾಹಕರು ದೂರವಾಗುವುದು ನಿಜ. ಆದರೆ 2023ರಂತೆ ಮಳೆ ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದ ವರ್ಷದಲ್ಲಿ ಉದ್ದರಿಯ ವಸೂಲಿ ದುಸ್ತರ. ಅಷ್ಟರೊಳಗೆ ಲೋಹದ ದರ ಏರಿರುವುದರಿಂದ, ಬಾಕಿ ಪೂರ್ತಿ ಬಂದರೂ ಅಷ್ಟೇ ಲೋಹವನ್ನು ಮರಳಿ ಕೊಳ್ಳಲಾಗುವುದಿಲ್ಲ. ಇದಕ್ಕೆ ಸರಳ ನಿಯಮವೊಂದಿದೆ: ಲೋಹ ರೊಕ್ಕಕ್ಕೆ, ಉದ್ದರಿ ಕೊಡಲೇಬೇಕಾದರೆ ಮಜೂರಿಯಲ್ಲಿ ಮಾತ್ರ. ಆಗ ಹಣ ಮುಳುಗಿದರೂ ದುಡಿಮೆ ನಷ್ಟವಾದೀತು, ಬಂಡವಾಳ ಉಳಿಯುತ್ತದೆ.

ಯಾವುದನ್ನು ತಯಾರಿಸಬೇಕು

ಬೆಳ್ಳಿಯ ಕಾಲ್ಗೆಜ್ಜೆಗಳಿಗೆ ಕೊಲ್ಹಾಪುರ ಜಿಲ್ಲೆಯ ಹುಪರಿ ಹಾಗೂ ತಮಿಳುನಾಡಿನ ಸೇಲಂ ಹೆಸರಾದ ಕೇಂದ್ರಗಳು. ಅಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಾಗುವ ಸರಕಿನೊಡನೆ ಸಣ್ಣ ಪೇಟೆಯ ಒಬ್ಬ ಪತ್ತಾರನು ದರದಲ್ಲಿ ಸ್ಪರ್ಧಿಸುವುದು ಅಸಾಧ್ಯ. ಅಂಥ ಸರಕನ್ನು ತರಿಸಿ ಮಾರುವುದೇ ಲೇಸು. ತನ್ನ ಕೈಯನ್ನು ಅವನು ಅಲ್ಲಿ ದೊರೆಯದ ಕೆಲಸಕ್ಕೆ ಮೀಸಲಿಡಬೇಕು. ಮನೆತನದ ಪದ್ಧತಿಯಂತೆ ಮಾಡುವ ಕರಡಿಗೆ, ಗುಂಡಗಡಿಗೆ. ಲಂಬಾಣಿ ಕುಟುಂಬಗಳು ಅಜ್ಜಿಯ ಕಾಲದ ಮಾದರಿ ತೋರಿಸಿ ಕೇಳುವ ಆಭರಣ. ತಾಳಿ ಪೋಣಿಸುವುದು, ಬೆಸುಗೆ, ಮೆರುಗು, ದುರಸ್ತಿ ಇವೇ ಅಂಥ ಕೆಲಸಗಳು. ಬಸವಣ್ಣನವರ ಜನ್ಮಸ್ಥಳವಾದ ಬಸವನ ಬಾಗೇವಾಡಿಗೆ ಬರುವ ಭಕ್ತರೂ ಕರಡಿಗೆಯ ಗ್ರಾಹಕರಾಗಬಲ್ಲರು. ದುರಸ್ತಿಗೆ ಲೋಹದ ಬಂಡವಾಳ ಬಹುತೇಕ ಬೇಕಿಲ್ಲ. ದುರಸ್ತಿಗೆಂದು ಬಂದ ಗ್ರಾಹಕರೇ ಮುಂದೆ ಮದುವೆಯ ಕೆಲಸವನ್ನೂ ತರುತ್ತಾರೆ.

ಶುದ್ಧತೆ ಮತ್ತು ಕಾಯಿದೆ

ಕೈಕೆಲಸದ ಒಡವೆಗಳಲ್ಲಿ ಬೆಸುಗೆಗಳು ಹೆಚ್ಚು. ಕೀಳು ಬೆಸುಗೆ ಬಳಸಿದರೆ ಉತ್ತಮ ಲೋಹದ ಒಡವೆಯೂ ಪರೀಕ್ಷೆಯಲ್ಲಿ ಕಡಿಮೆ ಶುದ್ಧತೆ ತೋರುತ್ತದೆ. ಹಿಂದೆ ‘ಕೆಡಿಎಂ’ ಎಂದು ಮಾರಾಟವಾಗುತ್ತಿದ್ದ ಒಡವೆಗಳಲ್ಲಿ ಬಳಕೆಯಾದ ಕ್ಯಾಡ್ಮಿಯಂ ಬೆಸುಗೆಯ ಹೊಗೆ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ಹಾನಿಕರ; ಕೆಲಸಗಾರನ ಆರೋಗ್ಯದ ದೃಷ್ಟಿಯಿಂದಲೂ ಅದನ್ನು ತ್ಯಜಿಸಬೇಕು.

ಚಿನ್ನದ ಒಡವೆಗಳಿಗೆ ಹಾಲ್‌ಮಾರ್ಕ್ 2021ರ ಜೂನ್ 16ರಿಂದ ಹಂತಹಂತವಾಗಿ ಜಿಲ್ಲೆಗಳಲ್ಲಿ ಕಡ್ಡಾಯವಾಗಿದೆ. ವಾರ್ಷಿಕ ವಹಿವಾಟು 40 ಲಕ್ಷ ರೂ. ಮೀರದ ವ್ಯಾಪಾರಿಗಳಿಗೂ ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗಳಿಗೂ ಅದರಿಂದ ವಿನಾಯಿತಿಯನ್ನು ನೀಡಲಾಯಿತು. ಬೆಳ್ಳಿಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತು 2025ರ ಸೆಪ್ಟೆಂಬರ್ 1ರಿಂದ ಐಚ್ಛಿಕವಾಗಿ ಜಾರಿಗೆ ಬಂದಿತು. ವಿನಾಯಿತಿಯಿದೆಯೆಂದು ಸುಮ್ಮನಿರುವುದು ಜಾಣತನವಲ್ಲ. ನಗರದ ಅಂಗಡಿಯಲ್ಲಿ ಗುರುತು ನೋಡಿ ಬಂದ ಗ್ರಾಹಕರಿಗೆ ಪತ್ತಾರನ ಬಾಯಿಮಾತೊಂದೇ ಇಂದು ಸಾಲದು.

ಒಡವೆಗಳ ಮೇಲಿನ ಜಿಎಸ್‌ಟಿ ಶೇ. 3. ಸರಕು ಮಾರುವವರ ನೋಂದಣಿಯ ಮಿತಿ ಕರ್ನಾಟಕದಲ್ಲಿ 40 ಲಕ್ಷ ರೂ. ಆದರೂ ಇಂಡಿ, ಚಡಚಣ ಭಾಗದವರು ಸೋಲಾಪುರದ ಅಂಗಡಿಗಳಿಗೆ ಮಾರಿದರೆ ಅದು ಅಂತರರಾಜ್ಯ ವಹಿವಾಟು. ಸಾಮಾನ್ಯವಾಗಿ ಅದಕ್ಕೆ ಈ ಮಿತಿ ಅನ್ವಯಿಸುವುದಿಲ್ಲ. ಪಟ್ಟಿಯಲ್ಲಿರುವ ಕೆಲವು ಕರಕುಶಲ ಸರಕುಗಳಿಗೆ ಮಾತ್ರ ರಿಯಾಯಿತಿಯಿದೆ. ಮಾರುವ ಮೊದಲೇ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಒಳಿತು.

ಕಾಯಿದೆಯೊಂದು ವೃತ್ತಿಯನ್ನೇ ಅಲುಗಿಸಬಲ್ಲದೆಂಬುದಕ್ಕೆ ಇತಿಹಾಸ ಸಾಕ್ಷಿ. 1963ರ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರಟ್‌ಗಿಂತ ಹೆಚ್ಚು ಶುದ್ಧತೆಯ ಹೊಸ ಒಡವೆ ತಯಾರಿಸುವುದನ್ನು ತಡೆದಾಗ ದೇಶದಾದ್ಯಂತ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು. 1968ರ ಚಿನ್ನ ನಿಯಂತ್ರಣ ಕಾಯಿದೆ ರದ್ದಾದುದು 1990ರಲ್ಲಿ. ಒಂದೇ ಲೋಹವನ್ನು ನೆಚ್ಚದೆ ಬೆಳ್ಳಿ, ತಾಮ್ರ, ಹಿತ್ತಾಳೆಗಳ ಕೆಲಸವನ್ನೂ ಬಲ್ಲವನಿಗೆ ಇಂಥ ಆಘಾತವನ್ನು ತಾಳಿಕೊಳ್ಳುವುದು ಸುಲಭ.

ಬಂಡವಾಳದ ಪ್ರಶ್ನೆ

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ವೃತ್ತಿಗಳಲ್ಲಿ ಅಕ್ಕಸಾಲಿಗ ವೃತ್ತಿಯೂ ಸೇರಿದೆ. ಶೇ. 5ರ ಬಡ್ಡಿಯಲ್ಲಿ, ಒತ್ತೆಯಿಲ್ಲದೆ, ಮೊದಲ ಕಂತಿನಲ್ಲಿ ಒಂದು ಲಕ್ಷ ಹಾಗೂ ಎರಡನೆಯ ಕಂತಿನಲ್ಲಿ ಎರಡು ಲಕ್ಷ ರೂ.ವರೆಗಿನ ಸಾಲ, ಉಪಕರಣಗಳಿಗೆ 15,000 ರೂ. ನೆರವು ಇದರಲ್ಲಿವೆ. ಈ ಹಣವನ್ನು ಲೋಹ ಸಂಗ್ರಹಿಸಲು ತೊಡಗಿಸಿದರೆ ದರ ಇಳಿದಾಗ ಸಾಲ ಮಾತ್ರ ಉಳಿದೀತು. ನಿಖರ ತಕ್ಕಡಿ, ತಂತಿ ಎಳೆಯುವ ಯಂತ್ರ, ಉತ್ತಮ ಅಚ್ಚುಗಳಿಗೆ ವಿನಿಯೋಗಿಸಿದರೆ ಮಜೂರಿಯ ಗಳಿಕೆ ಹೆಚ್ಚುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಲೋಹವು ಗ್ರಾಹಕನದು. ಪತ್ತಾರನದು ಕೈಕೆಲಸ ಮಾತ್ರ. ಮಾರಬೇಕಾದುದು ಅದನ್ನೇ. ರಸೀದಿಯಲ್ಲಿ ಮಜೂರಿಗೆ ಪ್ರತ್ಯೇಕ ಸಾಲೊಂದನ್ನು ಬರೆಯುವ ಪದ್ಧತಿಯನ್ನು ಈ ಹಂಗಾಮಿನಿಂದಲೇ ಆರಂಭಿಸಿದರೆ, ತಂದೆಯ ಕುಲುಮೆಯನ್ನು ಮುಂದುವರಿಸುವುದು ಲಾಭವೋ ನಷ್ಟವೋ ಎಂಬ ಮಗನ ಪ್ರಶ್ನೆಗೆ ಪುಸ್ತಕದಲ್ಲಿಯೇ ಉತ್ತರ ದೊರೆಯುತ್ತದೆ.