ಲೆಕ್ಕಕ್ಕುಂಟು, ಆಟಕ್ಕಿಲ್ಲ!

2023ರ ಅಕ್ಟೋಬರ್ 7. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಗವರ್ನರ್ ಗ್ಯಾವಿನ್ ನ್ಯೂಸಮ್ ಒಂದು ಮಸೂದೆಯನ್ನ ವೀಟೋ ಮಾಡಿದರು. ಮಸೂದೆಯ ನಂಬರ್ ಎಸ್‌ಬಿ 403. ಕೆಲಸ ಕೊಡುವಾಗ, ಬಾಡಿಗೆಗೆ ಮನೆ ಕೊಡುವಾಗ ಜಾತಿ ನೋಡಿ ತಾರತಮ್ಯ ಮಾಡಬಾರದು, ಅದನ್ನ ಕಾನೂನಿನಲ್ಲೇ ಸ್ಪಷ್ಟವಾಗಿ ಬರೆಯಬೇಕು ಅನ್ನೋದು ಅದರ ಸಾರ. ನಮ್ಮೂರಿನ ಜಾತಿ ಸಮುದ್ರ ದಾಟಿ ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೋ ಮುಟ್ಟಿತ್ತು! ಮಸೂದೆ ಮಂಡಿಸಿದ್ದು ಸೆನೆಟರ್ ಆಯಿಶಾ ವಹಾಬ್ ಅಂತ ನಾವೂ ಸುದ್ದಿ ಓದಿದ್ವಿ.

ಆಗ ವೀಕ್ಷಕರಿಂದ ಎರಡು ಪ್ರಶ್ನೆ ಬಂದವು. ಒಂದು: ಸೆನೆಟರ್ ಅಂದರೆ ವಾಷಿಂಗ್ಟನ್‌ನಲ್ಲಿ ಕೂರೋರು ಅಲ್ವಾ? ಅವರ ಮಸೂದೆಯನ್ನ ಒಬ್ಬ ಗವರ್ನರ್ ಹೆಂಗ್ರೀ ತಡೀತಾರೆ? ಇನ್ನೊಂದು ಮನೆಯವರ ಪ್ರಶ್ನೆ: ನಮ್ಮ ಮಗ ಫ್ರೀಮಾಂಟ್‌ನಲ್ಲಿ ಇದ್ದಾನೆ, ಎಷ್ಟೋ ವರ್ಷ ಆಯ್ತು. ಈ ವಹಾಬ್ ಅವನ ಪ್ರತಿನಿಧಿನಾ? ಅವನೂ ಓಟು ಹಾಕಿ ಆರಿಸಿದ್ದಾನಾ?

ಎರಡನೇ ಪ್ರಶ್ನೆಗೆ ಉತ್ತರ ವಿಚಿತ್ರವಾಗಿದೆ. ವಹಾಬ್ ಅವನ ಪ್ರತಿನಿಧಿ ಹೌದು. ಆದರೆ ಅವನು ಓಟು ಹಾಕಿರೋದು ಡೌಟು. ಇದು ಹೇಗೆ ಅಂತ ತಿಳಿಯಬೇಕಾದರೆ ಮೊದಲನೇ ಪ್ರಶ್ನೆಯಿಂದಲೇ ಶುರು ಮಾಡಬೇಕು.

ಅಮೆರಿಕದಲ್ಲಿ ಸೆನೆಟ್ ಅನ್ನೋ ಸದನ ಒಂದಲ್ಲ, 50 ಇವೆ. ವಾಷಿಂಗ್ಟನ್‌ನಲ್ಲಿ ಇರೋದು ದೇಶದ ಸೆನೆಟ್. ಪ್ರತಿ ರಾಜ್ಯಕ್ಕೆ ಇಬ್ಬರಂತೆ 100 ಜನ. ಅದನ್ನ ಬಿಟ್ಟರೆ 49 ರಾಜ್ಯಗಳಲ್ಲಿ ಎರಡೆರಡು ಸದನಗಳಿದ್ದು, ಮೇಲ್ಮನೆಗೆ ಸೆನೆಟ್ ಅಂತಲೇ ಹೆಸರು. ಉಳಿದ ಒಂದು ರಾಜ್ಯ ನೆಬ್ರಾಸ್ಕಾ. ಅಲ್ಲಿ ಇರೋದೇ ಒಂದು ಸದನ, ಆದರೆ ಸದಸ್ಯರನ್ನ ಮಾತ್ರ ಸೆನೆಟರ್ ಅಂತಾನೇ ಕರೀತಾರೆ! ಗಾತ್ರವೂ ಒಂದೇ ಥರ ಇಲ್ಲ. ಅಲಾಸ್ಕಾದ ಸೆನೆಟ್‌ನಲ್ಲಿ 20 ಜನ, ಮಿನ್ನೆಸೋಟಾದಲ್ಲಿ 67, ಕ್ಯಾಲಿಫೋರ್ನಿಯಾದಲ್ಲಿ 40. ಆಯಿಶಾ ವಹಾಬ್ ಈ 40 ಜನರಲ್ಲಿ ಒಬ್ಬರು. ಹತ್ತನೇ ನಂಬರಿನ ಕ್ಷೇತ್ರ ಅವರದ್ದು. ಹೇವರ್ಡ್, ಫ್ರೀಮಾಂಟ್, ಆಚೆ ಸಾಂತಾ ಕ್ಲಾರಾ ಕೌಂಟಿಯ ಒಂದಿಷ್ಟು ಭಾಗ. ನಮ್ಮ ಐಟಿ ಹುಡುಗರು ತುಂಬಿರೋ ಜಾಗ.

ಮೇಲ್ಮನೆ ಅಂದ ತಕ್ಷಣ ನಮ್ಮ ವಿಧಾನ ಪರಿಷತ್ ನೆನಪಾಗುತ್ತೆ. ಹಾಗೆ ಅಂದುಕೊಳ್ಳಬೇಡಿ. ಅಲ್ಲಿ ಶಾಸಕರು ಆರಿಸೋದು, ಪದವೀಧರರು ಆರಿಸೋದು, ನಾಮನಿರ್ದೇಶನ, ಇದ್ಯಾವುದೂ ಇಲ್ಲ. ನಕ್ಷೆ ಮೇಲೆ ಗೆರೆ ಎಳೆದ ಒಂದು ಕ್ಷೇತ್ರ, ಅಲ್ಲಿನ ಜನರ ನೇರ ಓಟು, ಒಬ್ಬ ಸೆನೆಟರ್. ಅಷ್ಟೇ.

ಎಂಜಿನಿಯರಿಂಗ್ ಓದಿದವನು ನಾನು, ಹಾಗಾಗಿ ಒಂದು ಭಾಗಾಕಾರ ಮಾಡೋಣ. 2020ರ ಜನಗಣತಿ ಪ್ರಕಾರ ಕ್ಯಾಲಿಫೋರ್ನಿಯಾದ ಜನಸಂಖ್ಯೆ 3 ಕೋಟಿ 95 ಲಕ್ಷ. ಅದನ್ನ 40ರಿಂದ ಭಾಗಿಸಿ. ಒಬ್ಬ ಸೆನೆಟರ್‌ಗೆ ಸುಮಾರು 9 ಲಕ್ಷ 88 ಸಾವಿರ ಜನ! ಅದೇ ರಾಜ್ಯದಿಂದ ವಾಷಿಂಗ್ಟನ್‌ನ ಕೆಳಮನೆಗೆ 52 ಜನ ಹೋಗ್ತಾರೆ. ಅವರಿಗೆ ತಲಾ 7 ಲಕ್ಷ 60 ಸಾವಿರ. ಅಂದರೆ ಈ ರಾಜ್ಯದಲ್ಲಿ ಎಂಪಿ ಕ್ಷೇತ್ರಕ್ಕಿಂತ ರಾಜ್ಯ ಸೆನೆಟರ್ ಕ್ಷೇತ್ರವೇ ದೊಡ್ಡದು. ಇನ್ನೂ ತಮಾಷೆ ಕೇಳಿ. ವಯೋಮಿಂಗ್ ಅನ್ನೋ ಇಡೀ ರಾಜ್ಯದ ಜನಸಂಖ್ಯೆ 5,76,851. ಅಷ್ಟು ಜನಕ್ಕೆ ದೇಶದ ಸೆನೆಟ್‌ನಲ್ಲಿ ಇಬ್ಬರು. ಕ್ಯಾಲಿಫೋರ್ನಿಯಾಕ್ಕೂ ಇಬ್ಬರೇ!

ದೇಶದ ಸೆನೆಟ್‌ನಲ್ಲಿ ಹೀಗೆ ನಡೆಯುತ್ತೆ, ಸಂವಿಧಾನವೇ ಹಾಗೆ ಬರೆದಿದೆ. ರಾಜ್ಯದ ಸೆನೆಟ್‌ನಲ್ಲಿ ನಡೆಯಲ್ಲ. ಮುಂಚೆ ನಡೀತಿತ್ತು. 1960ರ ಕ್ಯಾಲಿಫೋರ್ನಿಯಾ ನೋಡಿ. ಲಾಸ್ ಏಂಜಲೀಸ್ ಕೌಂಟಿಯಲ್ಲಿ 60 ಲಕ್ಷ 38 ಸಾವಿರ ಜನ. ರಾಜ್ಯದ ಪ್ರತಿ ಐವರಲ್ಲಿ ಸುಮಾರು ಇಬ್ಬರು ಅಲ್ಲೇ ಇದ್ದರು. ಸೆನೆಟ್‌ನಲ್ಲಿ ಅವರಿಗೆ ಸೀಟು ಎಷ್ಟು? ಒಂದು. ಆಲ್ಪೈನ್, ಇನ್ಯೋ, ಮೋನೋ ಅನ್ನೋ ಮೂರು ಬೆಟ್ಟಗಾಡು ಕೌಂಟಿಗಳು ಸೇರಿ 14,294 ಜನ. ಅವರಿಗೂ ಸೀಟು ಒಂದು. ಬೆಟ್ಟದ ಮೇಲಿನ ಒಬ್ಬನ ತೂಕ, ಊರಿನ 422 ಜನರ ತೂಕಕ್ಕೆ ಸಮ! ಅಲಬಾಮಾದಲ್ಲಂತೂ 1901ರಲ್ಲಿ ಎಳೆದ ಗೆರೆಯನ್ನ ಅರವತ್ತು ವರ್ಷ ಮುಟ್ಟಿರಲಿಲ್ಲ. ಜೆಫರ್ಸನ್ ಕೌಂಟಿಯ 6 ಲಕ್ಷ ಜನಕ್ಕೂ ಒಬ್ಬ ಸೆನೆಟರ್, ಲೌಂಡ್ಸ್ ಕೌಂಟಿಯ 15,417 ಜನಕ್ಕೂ ಒಬ್ಬ.

ಕೇಸು ಸುಪ್ರೀಂ ಕೋರ್ಟ್‌ಗೆ ಹೋಯ್ತು. 1964ರ ಜೂನ್ 15ರಂದು ರೆನಾಲ್ಡ್ಸ್ ವರ್ಸಸ್ ಸಿಮ್ಸ್ ತೀರ್ಪು ಬಂತು. ಎಂಟು ಜನ ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ತೀರ್ಪಿನ ತಿರುಳು ಇಷ್ಟು: ಶಾಸಕರು ಪ್ರತಿನಿಧಿಸೋದು ಜನರನ್ನ, ಎಕರೆ ಜಮೀನನ್ನ ಅಲ್ಲ. ರಾಜ್ಯದ ಎರಡೂ ಸದನಗಳ ಕ್ಷೇತ್ರಗಳಲ್ಲಿ ಜನಸಂಖ್ಯೆ ಆದಷ್ಟು ಸಮ ಇರಬೇಕು. ದೇಶದ ಸೆನೆಟ್ ಹಾಗಿದೆಯಲ್ಲ ಅನ್ನೋ ವಾದ ಇಲ್ಲಿ ನಡೆಯಲ್ಲ. ಈ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್. ಇಲ್ಲೊಂದು ಟ್ವಿಸ್ಟ್ ಇದೆ. ಇದೇ ವಾರೆನ್ ಅದಕ್ಕೂ ಮೊದಲು ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದರು. 1948ರಲ್ಲಿ ಸೆನೆಟ್ ಸೀಟು ಸರಿಯಾಗಿ ಹಂಚಿ ಅನ್ನೋ ಪ್ರಸ್ತಾವ ಬಂದಾಗ, ಬೇಡ ಅಂದಿದ್ದರು! ಕುರ್ಚಿ ಬದಲಾದ ಮೇಲೆ ನೋಟ ಬದಲಾಯ್ತು. 1966ರ ಚುನಾವಣೆ ಹೊತ್ತಿಗೆ ಕ್ಯಾಲಿಫೋರ್ನಿಯಾದ ನಕ್ಷೆಯೂ ಬದಲಾಯ್ತು.

ಸರಿ, ಕ್ಷೇತ್ರಗಳು ಸಮ ಇರಬೇಕು. ಆದರೆ ಗೆರೆ ಎಳೆಯೋರು ಯಾರು? ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಶಾಸಕರೇ ಎಳೀತಾರೆ. ತಮ್ಮ ಕ್ಷೇತ್ರ ತಾವೇ ಬರೆದುಕೊಳ್ಳೋದು, ಪ್ರಶ್ನೆಪತ್ರಿಕೆ ವಿದ್ಯಾರ್ಥಿ ಕೈಗೇ ಕೊಟ್ಟ ಹಾಗೆ. ಕ್ಯಾಲಿಫೋರ್ನಿಯಾದ ಜನ 2008ರಲ್ಲಿ ಓಟು ಹಾಕಿ ಆ ಅಧಿಕಾರ ಕಿತ್ತುಕೊಂಡರು. ಈಗ 14 ಜನ ನಾಗರಿಕರ ಆಯೋಗ ಎಳೆಯುತ್ತೆ. ಡೆಮಾಕ್ರಾಟ್ 5, ರಿಪಬ್ಲಿಕನ್ 5, ಎರಡೂ ಅಲ್ಲದವರು 4. ಮೊದಲ ಎಂಟು ಹೆಸರು ಬರೋದು ಲಾಟರಿ ಎತ್ತಿ! ಆ ಎಂಟು ಜನ ಉಳಿದ ಆರು ಜನರನ್ನ ಆರಿಸ್ತಾರೆ. ಮೂರೂ ಗುಂಪಿನಿಂದ ತಲಾ ಮೂರು ಓಟು ಬಿದ್ದರೆ ಮಾತ್ರ ನಕ್ಷೆ ಪಾಸ್.

ಚುನಾವಣೆಗೆ ಬರೋಣ. ಸೆನೆಟರ್ ಅವಧಿ ನಾಲ್ಕು ವರ್ಷ. ಎಲ್ಲ 40 ಸೀಟಿಗೂ ಒಟ್ಟಿಗೆ ಚುನಾವಣೆ ಇಲ್ಲ. ಸಮಸಂಖ್ಯೆಯ ಕ್ಷೇತ್ರಗಳಿಗೆ 2022, 2026. ಬೆಸಸಂಖ್ಯೆಯವಕ್ಕೆ 2024, 2028. ಇದರಲ್ಲೊಂದು ಗಂಟಿದೆ. ಹತ್ತು ವರ್ಷಕ್ಕೊಮ್ಮೆ ಗೆರೆ ಬದಲಾದಾಗ, ನಿಮ್ಮ ಬೀದಿ ಸಮಸಂಖ್ಯೆಯ ಕ್ಷೇತ್ರದಿಂದ ಬೆಸಸಂಖ್ಯೆಯ ಕ್ಷೇತ್ರಕ್ಕೆ ಜಿಗಿದರೆ? 2018ರಲ್ಲಿ ಓಟು ಹಾಕಿದ ನಿಮಗೆ ಮುಂದಿನ ಸೆನೆಟ್ ಓಟು 2024ಕ್ಕೆ. ಆರು ವರ್ಷ ಕಾಯಬೇಕು! ಅಂಥವರ ಅಹವಾಲು ಕೇಳೋಕೆ ಸೆನೆಟ್ ತನ್ನವರಲ್ಲೇ ಒಬ್ಬರನ್ನ ಹಚ್ಚುತ್ತೆ. ಆದರೆ ಅವರು ನೀವು ಆರಿಸಿದವರಲ್ಲ.

ಪಕ್ಷಗಳ ಟಿಕೆಟ್ ಹಂಚಿಕೆ, ಬಿ ಫಾರಂ ಗಲಾಟೆ ಅಲ್ಲಿಲ್ಲ. ಮೊದಲ ಸುತ್ತಿನ ಪ್ರೈಮರಿಯಲ್ಲಿ ಎಲ್ಲ ಪಕ್ಷದವರೂ ಒಂದೇ ಮತಪತ್ರದಲ್ಲಿ ಇರ್ತಾರೆ. ಅತಿ ಹೆಚ್ಚು ಓಟು ಪಡೆದ ಇಬ್ಬರು ಮಾತ್ರ ನವೆಂಬರ್‌ನ ಫೈನಲ್‌ಗೆ. ಇಬ್ಬರೂ ಒಂದೇ ಪಕ್ಷದವರಾದರೂ ಸರಿ. ಹತ್ತನೇ ಕ್ಷೇತ್ರದಲ್ಲಿ 2022ರಲ್ಲಿ ಆಗಿದ್ದೇ ಅದು. ಹೇವರ್ಡ್ ಸಿಟಿ ಕೌನ್ಸಿಲ್‌ನ ಆಯಿಶಾ ವಹಾಬ್, ಫ್ರೀಮಾಂಟ್ ಮೇಯರ್ ಲಿಲಿ ಮೇ, ಇಬ್ಬರೂ ಡೆಮಾಕ್ರಾಟ್! ವಹಾಬ್ ಗೆದ್ದರು. ಗೆದ್ದವರೂ ಜೀವನಪೂರ್ತಿ ಕೂರೋ ಹಾಗಿಲ್ಲ. ಎರಡೂ ಸದನ ಸೇರಿ ಒಟ್ಟು 12 ವರ್ಷ, ಮುಗೀತು. ನಡುವೆ ಜನಕ್ಕೆ ಸಿಟ್ಟು ಬಂದರೆ ವಾಪಸ್ ಕರೆಸಿಕೊಳ್ಳಲೂಬಹುದು. ಜೋಶ್ ನ್ಯೂಮನ್ ಅನ್ನೋ ಸೆನೆಟರ್ ಪೆಟ್ರೋಲ್ ತೆರಿಗೆ ಏರಿಸೋಕೆ ಓಟು ಹಾಕಿದರು ಅಂತ 2018ರ ಜೂನ್‌ನಲ್ಲಿ ಅವರ ಕ್ಷೇತ್ರದವರೇ ಇಳಿಸಿದರು. 2020ರಲ್ಲಿ ಅದೇ ಕ್ಷೇತ್ರದವರು ಮತ್ತೆ ಗೆಲ್ಲಿಸಿದರು!

ಈಗ ಫ್ರೀಮಾಂಟ್‌ನ ಮಗನ ವಿಷಯ. 9 ಲಕ್ಷ 88 ಸಾವಿರ ಅಂದೆನಲ್ಲ, ಅದು ಮತದಾರರ ಸಂಖ್ಯೆ ಅಲ್ಲ. ಜನರ ಸಂಖ್ಯೆ. ಜನಗಣತಿಯ ದಿನ ಅಲ್ಲಿ ವಾಸ ಇದ್ದ ಪ್ರತಿಯೊಬ್ಬರೂ ಅದರಲ್ಲಿದ್ದಾರೆ. ತೊಟ್ಟಿಲ ಕೂಸು, ಗ್ರೀನ್ ಕಾರ್ಡ್ ಹೊಂದಿದವರು, ಎಚ್-1ಬಿ ವೀಸಾದ ಎಂಜಿನಿಯರ್, ಅವನ ಹೆಂಡತಿ, ಎಲ್ಲರೂ. ಓಟು ಮಾತ್ರ 18 ತುಂಬಿದ ಅಮೆರಿಕದ ಪೌರರಿಗೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ನಮ್ಮಲ್ಲಿ ಮಾತಿದೆ. ಇವರದ್ದು ಉಲ್ಟಾ. ಲೆಕ್ಕಕ್ಕುಂಟು, ಆಟಕ್ಕಿಲ್ಲ!

ಇದು ಸರೀನಾ ಅಂತ ಕೇಳಿದವರು ಅಮೆರಿಕದಲ್ಲೇ ಇದ್ದಾರೆ. ಟೆಕ್ಸಾಸ್ ರಾಜ್ಯದ ಸೆನೆಟ್ ನಕ್ಷೆ ವಿರುದ್ಧ ಇಬ್ಬರು ಮತದಾರರು ಕೋರ್ಟಿಗೆ ಹೋದರು. ಅವರ ವಾದ ಇದು: ನಮ್ಮ ಕ್ಷೇತ್ರದಲ್ಲಿ ಮತದಾರರು ಜಾಸ್ತಿ. ಬೇರೆ ಕ್ಷೇತ್ರಗಳಲ್ಲಿ ಜನ ಅಷ್ಟೇ ಇದ್ದರೂ ಮತದಾರರು ಕಡಿಮೆ. ಹಾಗಾಗಿ ನಮ್ಮ ಓಟಿನ ತೂಕ ಕಡಿಮೆಯಾಯ್ತು, ಜನರನ್ನ ಬಿಟ್ಟು ಮತದಾರರನ್ನ ಸಮ ಮಾಡಿ. ಲೆಕ್ಕ ತಪ್ಪಿಲ್ಲ ನೋಡಿ, ತೂಕದಲ್ಲಿ ವ್ಯತ್ಯಾಸ ನಿಜಕ್ಕೂ ಇದೆ. ಆದರೆ 2016ರ ಏಪ್ರಿಲ್‌ನಲ್ಲಿ ಎವೆನ್ವೆಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್‌ನ ಎಂಟಕ್ಕೆ ಎಂಟೂ ನ್ಯಾಯಮೂರ್ತಿಗಳು ಟೆಕ್ಸಾಸ್ ಪರ ನಿಂತರು. ಒಟ್ಟು ಜನಸಂಖ್ಯೆ ನೋಡಿ ಕ್ಷೇತ್ರ ಮಾಡಬಹುದು ಅಂದರು. ತೀರ್ಪು ಬರೆದ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಕೊಟ್ಟ ಕಾರಣ ನೇರವಾಗಿದೆ. ಓಟು ಇಲ್ಲದವರಿಗೂ ಸರ್ಕಾರದ ಜತೆ ಕೆಲಸ ಇರುತ್ತೆ. ಮಕ್ಕಳಿಗೆ ಓಟಿಲ್ಲ, ಶಾಲೆ ಬೇಕಲ್ಲ? ಪ್ರತಿನಿಧಿ ತನಗೆ ಓಟು ಹಾಕಿದವರಿಗೆ ಮಾತ್ರ ಅಲ್ಲ, ಕ್ಷೇತ್ರದಲ್ಲಿ ಇರೋ ಎಲ್ಲರಿಗೂ ಪ್ರತಿನಿಧಿ.

ಆದರೆ ಒಂದು ಬಾಗಿಲು ತೆರೆದೇ ಉಳಿದಿದೆ. ಮತದಾರರನ್ನ ಮಾತ್ರ ಲೆಕ್ಕ ಹಿಡಿಯೋಕೆ ಒಂದು ರಾಜ್ಯ ತಾನಾಗಿಯೇ ಹೊರಟರೆ ಏನು? ಅದನ್ನ ಕೋರ್ಟ್ ಅವತ್ತು ತೀರ್ಮಾನಿಸಲಿಲ್ಲ. ಪೌರರನ್ನ ಮಾತ್ರ ಎಣಿಸಿ ಅನ್ನೋ ಕೂಗು ಅಲ್ಲಿ ಮತ್ತೆ ಮತ್ತೆ ಏಳುತ್ತಿದೆ. ಅದು ಗೆದ್ದರೆ ಫ್ರೀಮಾಂಟ್‌ನಂಥ ಊರುಗಳ ತೂಕ ಇಳಿಯುತ್ತೆ. ಆಟಕ್ಕೆ ಇಲ್ಲದವರು ಲೆಕ್ಕಕ್ಕೂ ಇಲ್ಲ ಅಂತಾಗುತ್ತೆ.

ಓಟಿಲ್ಲ ಅಂದರೆ ಬಾಯಿಯೂ ಇಲ್ಲವಾ? ಎಸ್‌ಬಿ 403 ಕಥೆ ನೋಡಿ. ಸೆನೆಟ್ ಸಮಿತಿ ಮುಂದೆ ವಿಚಾರಣೆ ಆದಾಗ ನೂರಾರು ಜನ ಸ್ಯಾಕ್ರಮೆಂಟೋಗೆ ಬಂದು ಸಾಲು ನಿಂತರು. ಜಾತಿ ನಮ್ಮನ್ನ ಇಲ್ಲೂ ಬಿಟ್ಟಿಲ್ಲ, ಕಾನೂನು ಬೇಕು ಅಂದವರು ಒಂದು ಕಡೆ. ಇದು ಹಿಂದೂಗಳನ್ನ, ಭಾರತೀಯರನ್ನ ಮಾತ್ರ ಅನುಮಾನದಿಂದ ನೋಡೋ ಹಾಗೆ ಮಾಡುತ್ತೆ ಅಂದವರು ಇನ್ನೊಂದು ಕಡೆ. ಮೈಕ್ ಮುಂದೆ ಬಂದು ಹೆಸರು, ನಿಲುವು ಹೇಳೋಕೆ ಪೌರತ್ವದ ಕಾಗದ ಬೇಕಿಲ್ಲ. ಮೇ ತಿಂಗಳಲ್ಲಿ ಸೆನೆಟ್‌ನಲ್ಲಿ ಮಸೂದೆ 34–1ರಲ್ಲಿ ಪಾಸಾಯ್ತು. ಕೆಳಮನೆ ಅಸೆಂಬ್ಲಿಯೂ ಒಪ್ಪಿತು. ಈಗಿರೋ ಕಾನೂನಿನಲ್ಲೇ ಇಂಥ ತಾರತಮ್ಯಕ್ಕೆ ನಿಷೇಧ ಇದೆ, ಹೊಸದು ಅನಗತ್ಯ ಅಂತ ಹೇಳಿ ನ್ಯೂಸಮ್ ತಡೆದರು. ಬೇಕು ಅಂದವರು ಸೋತರೋ, ಬೇಡ ಅಂದವರು ಗೆದ್ದರೋ, ಅದು ನಿಮ್ಮ ನಿಮ್ಮ ನೋಟಕ್ಕೆ ಬಿಟ್ಟದ್ದು. ನಾನು ಹೇಳೋದು ಇಷ್ಟೇ. ನಮ್ಮವರ ಆಫೀಸು, ಬಾಡಿಗೆ ಮನೆ, ಮಕ್ಕಳ ಶಾಲೆ, ಇದರ ಕಾನೂನು ಹೆಚ್ಚಾಗಿ ಬರೋದು ವಾಷಿಂಗ್ಟನ್‌ನಿಂದ ಅಲ್ಲ, ಈ 40 ಜನರ ಸದನದಿಂದ. ಟ್ರಂಪ್ ಏನಂದರು ಅಂತ ನಾವು ದಿನಾ ತೋರಿಸ್ತೀವಿ. ಈ ಸದನ ಏನು ಮಾಡ್ತು ಅಂತ ತೋರಿಸೋದು ಅಪರೂಪ.

ಹಾಗಾಗಿ ಅಲ್ಲಿ ಮಕ್ಕಳಿರೋ ಅಪ್ಪ ಅಮ್ಮಂದಿರಿಗೆ ನನ್ನದೊಂದು ಮಾತು. ಈ ಭಾನುವಾರ ವಿಡಿಯೋ ಕಾಲ್ ಮಾಡಿದಾಗ ಕೇಳಿ: ನಿನ್ನ ರಾಜ್ಯ ಸೆನೆಟ್ ಕ್ಷೇತ್ರದ ನಂಬರ್ ಎಷ್ಟು? ಪೌರತ್ವ ಸಿಕ್ಕಿದ್ದರೆ ಓಟರ್ ಲಿಸ್ಟಿಗೆ ಹೆಸರು ಹಾಕಿಸಲಿ. ಕ್ಯಾಲಿಫೋರ್ನಿಯಾದಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತೆ. ವೀಸಾದಲ್ಲಿದ್ದರೆ ಸೆನೆಟರ್ ಕಚೇರಿಗೆ ಪತ್ರ ಬರೆಯಬಹುದು, ವಿಚಾರಣೆಯಲ್ಲಿ ಮಾತಾಡಬಹುದು. ಆದರೆ ಗ್ರೀನ್ ಕಾರ್ಡ್ ಇಲ್ಲದವರು ಚುನಾವಣೆಗೆ ಒಂದು ಡಾಲರ್ ಚಂದಾ ಕೊಡೋ ಹಾಗಿಲ್ಲ, ಅದು ಅಪರಾಧ. ಹುಷಾರು.

ಕೊನೆಯದಾಗಿ, 2030ರಲ್ಲಿ ಅಮೆರಿಕದಲ್ಲಿ ಮತ್ತೆ ಜನಗಣತಿ. ಅದರ ಲೆಕ್ಕದ ಮೇಲೆ 40 ಕ್ಷೇತ್ರಗಳ ಗೆರೆ ಹೊಸದಾಗಿ ಬೀಳುತ್ತೆ. ಮನೆ ಬಾಗಿಲಿಗೆ ಆ ಫಾರಂ ಬಂದಾಗ ಪಕ್ಕಕ್ಕೆ ಎಸೆಯದೆ ತುಂಬಿ ಕಳಿಸು ಅಂತ ಈಗಲೇ ಹೇಳಿಡಿ.